ಆಪರೇಷನ್ ಹೊತ್ತಲ್ಲಿ ಉಸಿರು ನಿಲ್ಲಿಸುತ್ತಾರಂತೆ, ನಿಜವಾ?

ಪ್ರಶ್ನೆ: ಮುಂದಿನ ತಿಂಗಳು ಹಾಸನದಲ್ಲಿ ನಮ್ಮ ತಂದೆಗೆ ಪಿತ್ತಕೋಶದ ಆಪರೇಷನ್ ಇದೆ. ಅರಿವಳಿಕೆ ಜೊತೆ ಉಸಿರೇ ನಿಲ್ಲುವ ಔಷಧಿಯನ್ನೂ ಕೊಡುತ್ತಾರೆ ಅಂತ ಯಾರೋ ಹೆದರಿಸಿದ್ದಾರೆ. ನಿಜವಾ?
– ಸಕಲೇಶಪುರ ಕಡೆಯ ಓದುಗರು

ನಿಜ. ಆದರೆ ಹೆದರಿಸಿದವರು ಅರ್ಧ ಮಾತ್ರ ಹೇಳಿದ್ದಾರೆ. ಉಸಿರು ನಿಲ್ಲುವ ಹೊತ್ತಿಗೆ ಗಂಟಲಿಗೆ ಟ್ಯೂಬ್ ಹಾಕಿ ಯಂತ್ರದಿಂದ ಉಸಿರಾಡಿಸುತ್ತಾರೆ. ಅರಿವಳಿಕೆ ಡಾಕ್ಟರ್ ಪಕ್ಕದಲ್ಲೇ ಇರುತ್ತಾರೆ.

ನರ ಹೇಳಿದ್ದನ್ನು ಸ್ನಾಯು ಕೇಳಬೇಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹೊರಬಂದು, ಸ್ನಾಯುವಿನ ಮೇಲೆ ಅದಕ್ಕಂತಲೇ ಇರುವ ಸೀಟಿನಲ್ಲಿ ಕೂರಬೇಕು. ರಶ್ಶಿರುವ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ರೋಕ್ಯುರೋನಿಯಂ, ವೆಕ್ಯುರೋನಿಯಂ ಅನ್ನೋ ಸ್ನಾಯು ಸಡಿಲಿಸುವ ಔಷಧಿಗಳು ಮಾಡೋದು ಅದನ್ನೇ. ಸೀಟಿದೆ, ಕೂರೋಕಾಗಲ್ಲ. ಸ್ನಾಯು ಸಡಿಲ, ಉಸಿರಾಡಿಸುವ ಸ್ನಾಯುವೂ ಸೇರಿ. ಹೊಟ್ಟೆ ಬಿಗಿಯಾಗಿದ್ದರೆ ಒಳಗೆ ಕೆಲಸ ಮಾಡೋದು ಕಷ್ಟ, ಅದಕ್ಕೇ ಇದು ಬೇಕು. (ನಾಗರಹಾವಿನ ವಿಷವೂ ಇದೇ ಸೀಟಿಗೆ ಟವೆಲ್ ಹಾಕುತ್ತದೆ. ಕಚ್ಚಿಸಿಕೊಂಡವರ ಕಣ್ಣುರೆಪ್ಪೆ ಜೋತುಬೀಳೋದು ಅದರಿಂದಲೇ.)

ಇದಕ್ಕೂ ನಿದ್ದೆಗೂ ಸಂಬಂಧವೇ ಇಲ್ಲ. ಇದನ್ನು ತನ್ನ ಮೇಲೇ ಪರೀಕ್ಷೆ ಮಾಡಿಕೊಂಡ ಪುಣ್ಯಾತ್ಮ ಅಮೆರಿಕದ ಡಾಕ್ಟರ್ ಸ್ಕಾಟ್ ಸ್ಮಿತ್. ದಕ್ಷಿಣ ಅಮೆರಿಕದ ಕಾಡಿನವರು ಬಾಣಕ್ಕೆ ಸವರುತ್ತಿದ್ದ ಕುರಾರೆ ವಿಷದಿಂದ ತೆಗೆದ ಔಷಧಿಯನ್ನು, ಉಸಿರು ನಿಲ್ಲಲು ಬೇಕಾದಷ್ಟಕ್ಕಿಂತ ಎರಡೂವರೆ ಪಟ್ಟು ಜಾಸ್ತಿ ಚುಚ್ಚಿಸಿಕೊಂಡರು. ಬೆರಳು ಅಲ್ಲಾಡಿಸಲೂ ಆಗಲಿಲ್ಲ, ಆದರೆ ಪೂರ್ತಿ ಎಚ್ಚರವಿತ್ತು, ನೋವೂ ಗೊತ್ತಾಗುತ್ತಿತ್ತು. ಅದು ವರದಿಯಾಗಿದ್ದು 1947ರಲ್ಲಿ. ಹಾಗಾಗಿ ನಿದ್ದೆಗೆ, ನೋವಿಗೆ ಬೇರೆ ಬೇರೆ ಔಷಧಿ ಕೊಡಲೇಬೇಕು. ಸುಮ್ನೆ ಮಲಗಿದ್ದಾರೆ ಅಂದರೆ ನಿದ್ದೆ ಬಂದಿದೆ ಅಂತಲ್ಲ.

ಆಪರೇಷನ್ ಮುಗಿದ ಮೇಲೆ ನಿಯೋಸ್ಟಿಗ್ಮಿನ್ ಕೊಟ್ಟರೆ ಅಸಿಟೈಲ್‌ಕೋಲಿನ್ ಬೇಗ ಕರಗದೆ ಗುಂಪುಗಟ್ಟಿ ಟವೆಲನ್ನು ತಳ್ಳುತ್ತದೆ. ಸುಗಮಾಡೆಕ್ಸ್ ಅನ್ನೋ ಹೊಸದಂತೂ ರೋಕ್ಯುರೋನಿಯಂ, ವೆಕ್ಯುರೋನಿಯಂ ಟವೆಲನ್ನೇ ಮಡಚಿ ಕಟ್ಟಿಬಿಡುತ್ತದೆ.

ನಮ್ಮ ಕಡೆಯವರು ಡಾಕ್ಟರಿಗೆ ಹೇಳಬೇಕಾದ ಒಂದು ವಿಷಯವಿದೆ. ಟ್ಯೂಬ್ ಬೇಗ ಹಾಕಬೇಕಾದಾಗ ಸಕ್ಸಿನೈಲ್‌ಕೋಲಿನ್ ಕೊಡೋದುಂಟು. ಮೈ ಒಮ್ಮೆ ಅದುರಿ ಸಡಿಲವಾಗುತ್ತದೆ, ಸಾಮಾನ್ಯವಾಗಿ ಐದು-ಹತ್ತು ನಿಮಿಷದಲ್ಲಿ ರಕ್ತದ ಒಂದು ಕಿಣ್ವ ಅದನ್ನು ಕರಗಿಸುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಕಿಣ್ವ ಕಡಿಮೆ, ಆರ್ಯವೈಶ್ಯ ಸಮುದಾಯದಲ್ಲಿ ಇದು ಜಾಸ್ತಿ ಕಂಡುಬಂದಿದೆ. ಇನ್ನು ಕಾಫಿ ತೋಟಕ್ಕೋ ಆಲೂಗಡ್ಡೆಗೋ ಹೊಡೆಯುವ ಕ್ಲೋರ್‌ಪೈರಿಫಾಸ್ ಥರದ ಔಷಧಿ ಮೈಗೆ ಸೇರಿದರೂ ಅದೇ ಕಿಣ್ವ ಮಂಕಾಗುತ್ತದೆ. ಆಗ ನಿಮಿಷದ ಕೆಲಸ ಗಂಟೆಗಟ್ಟಲೆ ಎಳೆಯಬಹುದು, ಅಷ್ಟು ಹೊತ್ತೂ ವೆಂಟಿಲೇಟರ್ ಬೇಕಾಗುತ್ತದೆ.

ನಿಮ್ಮ ತಂದೆ ಇತ್ತೀಚೆಗೆ ತೋಟಕ್ಕೆ ಔಷಧಿ ಹೊಡೆದಿದ್ದರೆ ಯಾವ ಡಬ್ಬಿ, ಯಾವತ್ತು ಅಂತ ಅರಿವಳಿಕೆ ಡಾಕ್ಟರಿಗೆ ಹೇಳಿ. ಮನೆಯಲ್ಲಿ ಯಾರಿಗಾದರೂ ಹಿಂದೆ ಆಪರೇಷನ್ ಆದಮೇಲೆ ಉಸಿರು ತಡವಾಗಿ ಬಂದಿದ್ದರೆ ಅದನ್ನೂ.