ಪುದುಚೇರಿ ನಾಲ್ಕು ತುಂಡಾಗಿ ನಾಲ್ಕು ಕಡೆ ಯಾಕಿದೆ?

ಪ್ರಶ್ನೆ: ಪುದುಚೇರಿ ಅಂದರೆ ಚೆನ್ನೈ ಆಚೆಗಿನ ಒಂದು ಊರು ಅಂದುಕೊಂಡಿದ್ದೆ. ನಕ್ಷೆ ನೋಡಿದರೆ ಕೇರಳದಲ್ಲೊಂದು ಚುಕ್ಕೆ, ಆಂಧ್ರದಲ್ಲೊಂದು ಚುಕ್ಕೆ, ಅವೂ ಪುದುಚೇರಿಯವೇ ಅಂತಿದೆ. ಇದು ಹೇಗೆ? ಆಯಾ ರಾಜ್ಯಕ್ಕೇ ಸೇರಿಸಿಬಿಟ್ಟಿದ್ದರೆ ಆಗುತ್ತಿರಲಿಲ್ಲವಾ?

ಉತ್ತರ: ಯಾರೂ ಕೂತು ಹೀಗೇ ಇರಲಿ ಅಂತ ಗೆರೆ ಎಳೆದದ್ದಲ್ಲ ಇದು. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಗೆ ಎಲ್ಲೆಲ್ಲಿ ಹಡಗು ನಿಲ್ಲಿಸಿ ಸರಕು ತುಂಬಿಕೊಳ್ಳಲು ಜಾಗ ಸಿಕ್ಕಿತೋ, ಇಂಗ್ಲಿಷರ ಜೊತೆ ಹೊಡೆದಾಡಿ ಸೋತ ಮೇಲೂ ಅದರಲ್ಲಿ ಯಾವ್ಯಾವುದು ಕೈಯಲ್ಲಿ ಉಳಿಯಿತೋ, ಅದೇ ಇವತ್ತಿನ ಪುದುಚೇರಿ ಎಂಬ ಕೇಂದ್ರಾಡಳಿತ ಪ್ರದೇಶ. ಸೇರಿಸಿಬಿಡಬಹುದಿತ್ತಲ್ಲ ಅನ್ನುವುದಕ್ಕೆ ಉತ್ತರ 1956ರ ಒಂದು ಒಪ್ಪಂದದಲ್ಲಿದೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲು ತುಂಡುಗಳನ್ನು ನೋಡಿ. ನಾಲ್ಕೂ ಸೇರಿ ಸುಮಾರು 490 ಚದರ ಕಿ.ಮೀ. ಬೆಂಗಳೂರು ನಗರಕ್ಕಿಂತ ಚಿಕ್ಕದು. 2011ರ ಜನಗಣತಿಯಲ್ಲಿ ಜನಸಂಖ್ಯೆ ಹನ್ನೆರಡೂವರೆ ಲಕ್ಷದ ಹತ್ತಿರ.

ದೊಡ್ಡದು ಪುದುಚೇರಿ. 1674ರಲ್ಲಿ ಫ್ರಾನ್ಸ್ವಾ ಮಾರ್ಟಿನ್ ಎಂಬಾತ ಇಲ್ಲಿ ನೆಲೆ ಕಟ್ಟಿದ, ಮುಂದೆ ಇದೇ ಭಾರತದಲ್ಲಿ ಫ್ರೆಂಚರ ರಾಜಧಾನಿಯಾಯಿತು. ಆದರೆ ಇದೊಂದಾದರೂ ಸರಿಯಾಗಿ ಒಂದೇ ತುಂಡಾಗಿದೆಯಾ ಅಂದರೆ ಅದೂ ಇಲ್ಲ. ಹಳ್ಳಿಗಳು ಬೇರೆ ಬೇರೆ ಕಾಲದಲ್ಲಿ ಒಂದೊಂದಾಗಿ ಕೈಗೆ ಬಂದವು, ಹಾಗಾಗಿ ಜಿಲ್ಲೆಯ ನಡುನಡುವೆ ತಮಿಳುನಾಡು ನುಗ್ಗಿಕೊಂಡಿದೆ. ಊರಿಂದ ಸ್ವಲ್ಪ ದೂರ ಗಾಡಿ ಓಡಿಸಿದರೆ ತಮಿಳುನಾಡು, ಮತ್ತೆ ಪುದುಚೇರಿ, ಮತ್ತೆ ತಮಿಳುನಾಡು. ಎಲ್ಲರೂ 'ಪಾಂಡಿಚೇರಿಯ ಆರೋವಿಲ್' ಅನ್ನುತ್ತೇವಲ್ಲ, ಅದರ ಬಹುಭಾಗ ಇರುವುದೇ ತಮಿಳುನಾಡಿನಲ್ಲಿ!

ಕಾರೈಕಾಲ್ ಅಲ್ಲಿಂದ ದಕ್ಷಿಣಕ್ಕೆ, ಕಾವೇರಿ ಮುಖಜ ಭೂಮಿಯಲ್ಲಿದೆ. 1739ರಲ್ಲಿ ತಂಜಾವೂರಿನ ಅರಸರಿಂದ ಫ್ರೆಂಚರಿಗೆ ಬಂತು. ಭತ್ತದ ನಾಡು. ಶನಿ ದೋಷ ಅಂತ ನಮ್ಮ ಕಡೆಯಿಂದಲೂ ಜನ ಹೋಗುವ ತಿರುನಳ್ಳಾರು ಇರುವುದು ಇಲ್ಲೇ. ತಮಿಳುನಾಡಿನ ದೇವಸ್ಥಾನ ನೋಡಿ ಬಂದೆವು ಅನ್ನುತ್ತಾರೆ, ಲೆಕ್ಕದಲ್ಲಿ ಅದು ಪುದುಚೇರಿಯ ದೇವಸ್ಥಾನ.

ಯಾನಂ ಇರುವುದು ಆಂಧ್ರದ ಕಾಕಿನಾಡದ ಹತ್ತಿರ, ಗೋದಾವರಿ ದಂಡೆಯಲ್ಲಿ, ಪುದುಚೇರಿಯಿಂದ ಸುಮಾರು 800 ಕಿ.ಮೀ. ದೂರ. ಜನ ಮಾತಾಡುವುದು ತೆಲುಗು. ಗಡಿಯೊಂದಿದ್ದರೆ ಏನೇನು ಆಗುತ್ತದೆ ಅನ್ನುವುದಕ್ಕೆ ಇಲ್ಲಿ ಒಂದು ವಿಚಿತ್ರ ಉದಾಹರಣೆ ಇದೆ. ಬ್ರಿಟಿಷ್ ಇಂಡಿಯಾದಲ್ಲಿ 1929ರಲ್ಲಿ ಬಾಲ್ಯವಿವಾಹದ ವಿರುದ್ಧ ಶಾರದಾ ಕಾಯ್ದೆ ಬಂತಲ್ಲ, ಅದು ಯಾನಂಗೆ ಅನ್ವಯಿಸುತ್ತಿರಲಿಲ್ಲ. ಅದು ಫ್ರಾನ್ಸಿನ ನೆಲ. ಸುತ್ತಲಿನ ಊರುಗಳವರು ಚಿಕ್ಕ ಹುಡುಗಿಯನ್ನು, ಪುರೋಹಿತರನ್ನು, ನೆಂಟರನ್ನು ಕಟ್ಟಿಕೊಂಡು ಗಡಿ ದಾಟಿ ಬಂದು, ಮದುವೆ ಮುಗಿಸಿಕೊಂಡು ವಾಪಸ್ ಹೋಗುತ್ತಿದ್ದರು. ಕಾನೂನು ಬದಲಾಗುವುದಕ್ಕೆ ಕೆಲವು ಮೈಲಿ ನಡೆದರೆ ಸಾಕಾಗಿತ್ತು.

ಇನ್ನು ಮಾಹೆ. ಇದು ಅರಬ್ಬೀ ಸಮುದ್ರದ ಕಡೆಗಿನ ಒಂದೇ ತುಂಡು, ತಲಶ್ಶೇರಿ ಮತ್ತು ವಡಕರ ನಡುವೆ, ಬರೀ 9 ಚದರ ಕಿ.ಮೀ. ಅಷ್ಟು ಚಿಕ್ಕದರಲ್ಲೂ ಪಟ್ಟಣ ಹೊಳೆಯ ಈಚೆ, ಪಂದಕ್ಕಲ್, ಪಳ್ಳೂರು ಕಡೆಯ ಊರುಗಳು ಆಚೆ. ಫ್ರೆಂಚರು 1721ರಲ್ಲಿ ಇಲ್ಲಿಗೆ ಬಂದದ್ದು ಕಾಳುಮೆಣಸಿಗಾಗಿ. ಪಕ್ಕದ ತಲಶ್ಶೇರಿಯಲ್ಲಿ ಇಂಗ್ಲಿಷರು ಕೂತಿದ್ದದ್ದೂ ಅದಕ್ಕೇ.

ಮಾಹೆಗೂ ನಮಗೂ ಒಂದು ಹಳೆಯ ನಂಟಿದೆ. ಹೈದರ್ ಅಲಿಗೆ ಫ್ರೆಂಚರ ಮದ್ದುಗುಂಡು ಬರುತ್ತಿದ್ದದ್ದು ಈ ಬಂದರಿನಿಂದ. ಇದು ನನ್ನ ರಕ್ಷಣೆಯಲ್ಲಿರುವ ಜಾಗ, ಮುಟ್ಟಬೇಡಿ ಅಂತ ಅವನು ಹೇಳಿದ್ದರೂ 1779ರಲ್ಲಿ ಇಂಗ್ಲಿಷರು ಮಾಹೆಯನ್ನು ಹಿಡಿದರು. ಮರುವರ್ಷ ಶುರುವಾದ ಎರಡನೇ ಮೈಸೂರು ಯುದ್ಧಕ್ಕೆ ಅದೂ ಒಂದು ದೊಡ್ಡ ಕಾರಣ. ಶಾಲೆಯ ಪಾಠದಲ್ಲಿ ಒಂದು ಸಾಲಲ್ಲಿ ಹೋಗಿಬಿಡುವ ಹೆಸರು ಅದು. ಈಗ ಮಂಗಳೂರಿನಿಂದ ಕೋಳಿಕ್ಕೋಡಿನ ಕಡೆ ಹಳೆಯ ಹೆದ್ದಾರಿಯಲ್ಲಿ ಹೋದರೆ ಮಾಹೆ ಬಂದದ್ದು ಬೋರ್ಡ್ ನೋಡದೆಯೂ ಗೊತ್ತಾಗುತ್ತದೆ. ಇದ್ದಕ್ಕಿದ್ದಂತೆ ಸಾಲಾಗಿ ಬ್ರಾಂದಿ ಅಂಗಡಿಗಳು, ಪೆಟ್ರೋಲ್ ಬಂಕಿನ ಮುಂದೆ ಕ್ಯೂ ನಿಂತ ಲಾರಿಗಳು. ತೆರಿಗೆ ಕೇರಳಕ್ಕಿಂತ ಕಡಿಮೆ, ಅಷ್ಟೇ ವಿಷಯ.

ಇಂಗ್ಲಿಷರಿಗೆ ಇವನ್ನೆಲ್ಲ ನುಂಗಿಹಾಕಲು ಆಗಲಿಲ್ಲವಾ? ನುಂಗಿದರು, ಒಂದಲ್ಲ ಹಲವು ಸಲ. 1761ರಲ್ಲಂತೂ ಪುದುಚೇರಿ ಪಟ್ಟಣವನ್ನು ನೆಲಸಮ ಮಾಡಿದರು. ಆದರೆ ಯುರೋಪಿನಲ್ಲಿ ಯುದ್ಧ ನಿಂತು ಸಂಧಿಯಾದಾಗೆಲ್ಲ ವಾಪಸ್ ಕೊಡಬೇಕಾಗುತ್ತಿತ್ತು. ಕೊನೆಗೆ 1814ರ ಸಂಧಿಯಿಂದ ಫ್ರೆಂಚರಿಗೆ ಮರಳಿದ್ದು ಈ ನಾಲ್ಕು, ಬಂಗಾಳದ ಚಂದ್ರನಗರ, ಜೊತೆಗೆ ಸೂರತ್, ಮಚಲಿಪಟ್ಟಣದಂಥ ಕಡೆ ಒಂದೊಂದು ಸಣ್ಣ ಮಳಿಗೆ. ಕೋಟೆ ಕಟ್ಟುವ ಹಾಗಿಲ್ಲ, ಪೊಲೀಸ್ ಕೆಲಸಕ್ಕೆ ಬೇಕಾದಷ್ಟು ಬಿಟ್ಟು ಸೈನ್ಯ ಇಟ್ಟುಕೊಳ್ಳುವ ಹಾಗಿಲ್ಲ, ವ್ಯಾಪಾರ ಮಾಡಿಕೊಂಡಿರಿ ಅನ್ನುವ ಲೆಕ್ಕ.

ಈಗ ನಿಮ್ಮ ಪ್ರಶ್ನೆಯ ಎರಡನೇ ಭಾಗ. 1947ರಲ್ಲಿ ಸಣ್ಣ ಮಳಿಗೆಗಳನ್ನು ಫ್ರಾನ್ಸ್ ಬಿಟ್ಟುಕೊಟ್ಟಿತು. ಚಂದ್ರನಗರದ ಜನ 1949ರಲ್ಲಿ ಮತ ಹಾಕಿ ಭಾರತಕ್ಕೆ ಸೇರಿದರು, ಅದು 1954ರಲ್ಲಿ ಪಶ್ಚಿಮ ಬಂಗಾಳದಲ್ಲಿ ಕರಗಿಹೋಯಿತು. ನೀವು ಕೇಳಿದ ಹಾಗೆಯೇ ಆಯಿತು ನೋಡಿ. ಉಳಿದ ನಾಲ್ಕರದ್ದು ಮಾತ್ರ ತಡವಾಯಿತು. ಯಾನಂ ಮತ್ತು ಮಾಹೆಯಲ್ಲಿ 1954ರ ಜೂನ್, ಜುಲೈ ಹೊತ್ತಿಗೆ ಜನರೇ ಆಡಳಿತವನ್ನು ಕೈಗೆ ತೆಗೆದುಕೊಂಡರು. ಅಕ್ಟೋಬರ್‌ನಲ್ಲಿ ಕೀಳೂರು ಎಂಬ ಹಳ್ಳಿಯಲ್ಲಿ ಚುನಾಯಿತ ಪ್ರತಿನಿಧಿಗಳು ಸೇರಿ ಮತ ಹಾಕಿದರು. 178 ಜನರಲ್ಲಿ 170 ಜನ ಭಾರತದ ಪರ. ನವೆಂಬರ್ 1ಕ್ಕೆ ಆಡಳಿತ ಭಾರತದ ಕೈಗೆ ಬಂತು.

ಆದರೆ ಬಂದದ್ದು ಆಡಳಿತ ಮಾತ್ರ, ಹಕ್ಕು ಅಲ್ಲ. ಹಕ್ಕು ಬಿಟ್ಟುಕೊಡುವ ಒಪ್ಪಂದಕ್ಕೆ 1956ರ ಮೇ ತಿಂಗಳಲ್ಲಿ ಸಹಿ ಬಿತ್ತು, ಅದನ್ನು ಫ್ರಾನ್ಸಿನ ಸಂಸತ್ತು ಒಪ್ಪಿ ಜಾರಿಗೆ ಬರುವಾಗ 1962ರ ಆಗಸ್ಟ್ 16 ಆಗಿತ್ತು. ನಡುವೆ ಏನಾಯಿತು? 1956ರ ನವೆಂಬರ್ 1ರಂದು ಭಾಷೆಯ ಆಧಾರದಲ್ಲಿ ರಾಜ್ಯಗಳು ಹುಟ್ಟಿದವು. ನಾವು ಒಂದಾದದ್ದೂ ಆಗಲೇ. ಮಲಯಾಳಂ ಮಾತಾಡುವ ಮಾಹೆ ಕೇರಳಕ್ಕೆ, ತೆಲುಗಿನ ಯಾನಂ ಆಂಧ್ರಕ್ಕೆ ಹೋಗಬೇಕಾಗಿದ್ದ ದಿನ ಅದು, ಆದರೆ ಕಾನೂನಿನ ಪ್ರಕಾರ ಅವು ಇನ್ನೂ ಭಾರತದ್ದೇ ಆಗಿರಲಿಲ್ಲ, ಹಂಚುವುದು ಹೇಗೆ? ನನ್ನ ಪ್ರಕಾರ ಈ ಆರು ವರ್ಷದ ತಡವೇ ನಕ್ಷೆಯನ್ನು ಹೀಗೆ ಉಳಿಸಿತು. ಅದರ ಮೇಲೆ ಒಪ್ಪಂದದಲ್ಲಿ ಒಂದು ಮಾತೂ ಇದೆ: ಈ ನೆಲೆಗಳಿಗೆ ಮೊದಲಿದ್ದ ವಿಶೇಷ ಆಡಳಿತ ಸ್ಥಾನ ಮುಂದುವರಿಯಬೇಕು, ಬದಲಾಯಿಸುವುದಾದರೆ ಅಲ್ಲಿನ ಜನರ ಇಷ್ಟ ತಿಳಿದುಕೊಂಡು ಬದಲಾಯಿಸಬೇಕು.

ಜನರ ಇಷ್ಟ ಏನು ಅಂತ 1979ರಲ್ಲಿ ಗೊತ್ತಾಯಿತು. ಪ್ರಧಾನಿ ಮೊರಾರ್ಜಿ ದೇಸಾಯಿ ಇವನ್ನು ಪಕ್ಕದ ರಾಜ್ಯಗಳಿಗೆ ಸೇರಿಸುವ ಮಾತೆತ್ತಿದ್ದೇ ತಡ, ಪುದುಚೇರಿ ಹೊತ್ತಿ ಉರಿಯಿತು. ಪ್ರಸ್ತಾಪ ಅಲ್ಲಿಗೇ ಬಿತ್ತು. ಯಾಕೆ ಬೇಡ ಅನ್ನುತ್ತಾರೆ ಅನ್ನುವುದೂ ಅರ್ಥವಾಗುವಂಥದ್ದೇ. ತಮಿಳುನಾಡಿನಲ್ಲಿ ಸೇರಿಹೋದರೆ ಪುದುಚೇರಿ ಹತ್ತಾರು ಜಿಲ್ಲೆಗಳಲ್ಲಿ ಒಂದು. ಈಗ ಸ್ವಂತ ವಿಧಾನಸಭೆ ಇದೆ, ಸ್ವಂತ ತೆರಿಗೆ ಇದೆ, ಸರ್ಕಾರಿ ಕೆಲಸಗಳಿವೆ.

ಹಾಗಂತ ಈ ವ್ಯವಸ್ಥೆ ಸಲೀಸಾಗಿ ನಡೆಯುತ್ತದೆ ಅಂತ ಅಲ್ಲ. ಚುನಾಯಿತ ಶಾಸಕರು 30 ಜನ: ಪುದುಚೇರಿಗೆ 23, ಕಾರೈಕಾಲ್‌ಗೆ 5, ಮಾಹೆ, ಯಾನಂಗೆ ಒಬ್ಬೊಬ್ಬರು. ಮಾಹೆಯ ಶಾಸಕರು ಅಧಿವೇಶನಕ್ಕೆ ಬರಬೇಕೆಂದರೆ ಕೇರಳ, ತಮಿಳುನಾಡು ದಾಟಿ 600 ಕಿ.ಮೀ.ಗೂ ಜಾಸ್ತಿ ಬರಬೇಕು. ಗಾಡಿ ನಂಬರ್ ನಾಲ್ಕೂ ಕಡೆ 'ಪಿವೈ' ಅಂತಲೇ ಶುರುವಾಗುತ್ತದೆ, 03 ಅಂದರೆ ಮಾಹೆ, 04 ಅಂದರೆ ಯಾನಂ. ಹೈಕೋರ್ಟ್ ಎಲ್ಲರಿಗೂ ಚೆನ್ನೈಯದ್ದೇ, ಮಾಹೆಯವರಿಗೂ.

ಈಗ ಅಲ್ಲಿ ಕೇಳಿಬರುವ ಕೂಗು ಸೇರಿಸಿ ಅಂತಲ್ಲ, ಪೂರ್ಣ ರಾಜ್ಯ ಮಾಡಿ ಅಂತ. ಲೆಫ್ಟಿನೆಂಟ್ ಗವರ್ನರ್‌ಗೂ ಚುನಾಯಿತ ಸರ್ಕಾರಕ್ಕೂ ಆಗಾಗ ಜಟಾಪಟಿ ನಡೆಯುತ್ತಲೇ ಇರುತ್ತದೆ, ವಿಧಾನಸಭೆ ಮತ್ತೆ ಮತ್ತೆ ರಾಜ್ಯ ಸ್ಥಾನದ ನಿರ್ಣಯ ಪಾಸು ಮಾಡಿ ದೆಹಲಿಗೆ ಕಳಿಸುತ್ತಲೇ ಇದೆ. ಕೇಂದ್ರ ಒಪ್ಪಿಲ್ಲ. ಒಪ್ಪಿದರೂ ಯಾನಂ ಗೋದಾವರಿ ದಂಡೆಯಲ್ಲೇ ಇರುತ್ತದೆ, ಅದರ ದೊಡ್ಡ ಫೈಲುಗಳು ಈಗಿನ ಹಾಗೆಯೇ ಆಂಧ್ರ ಕರಾವಳಿ ದಾಟಿ ಪುದುಚೇರಿಗೆ ಹೋಗಬೇಕಾಗುತ್ತದೆ.