ನಮ್ದು ಗ್ರೌಂಡ್ ಫ್ಲೋರ್, ಟೆರೇಸ್ ಸೋರಿದ್ರೆ ನಾವ್ಯಾಕೆ ದುಡ್ಡು ಕೊಡ್ಬೇಕು?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಲ್ಲಿ ಟೆರೇಸ್ ವಾಟರ್‌ಪ್ರೂಫಿಂಗ್ ಮಾಡಿಸ್ಬೇಕು ಅಂತ ಎಲ್ಲಾ ಮನೆಯಿಂದ್ಲೂ ದುಡ್ಡು ಕೇಳ್ತಿದಾರೆ. ನಮ್ದು ಗ್ರೌಂಡ್ ಫ್ಲೋರು. ನಮ್ಮನೆಲಿ ಒಂದ್ ಹನಿ ನೀರೂ ಸೋರಿಲ್ಲ, ನಾವು ಟೆರೇಸಿಗೆ ಹೋಗೋದೇ ಅಪರೂಪ. ಸೋರ್ತಿರೋದು ಕೊನೇ ಫ್ಲೋರಿನವ್ರ ಮನೆ, ಅವ್ರೇ ಮಾಡಿಸ್ಕೊಳ್ಳೋದು ನ್ಯಾಯ ಅಲ್ವಾ?

ಉತ್ತರ: ಅಲ್ಲ, ನೀವೂ ನಿಮ್ಮ ಪಾಲು ಕೊಡ್ಬೇಕಾಗುತ್ತೆ. ಆದ್ರೆ ಕೊಡೋಕೆ ಮುಂಚೆ ಒಂದಷ್ಟು ವಿಷಯ ಕೇಳಿ ತಿಳ್ಕೊಳ್ಳೋ ಹಕ್ಕೂ ನಿಮಗಿದೆ, ಅದನ್ನ ಆಮೇಲೆ ಹೇಳ್ತೀನಿ.

ಮೊದ್ಲು ನಿಮ್ಮ ಫ್ಲ್ಯಾಟಿನ ಪತ್ರ ತೆಗೆದು ನೋಡಿ. ಚಾವಣಿ, ಪಿಲ್ಲರ್, ಹೊರಗೋಡೆ, ಮೆಟ್ಟಿಲು, ಮೇಲಿಂದ ಕೆಳಗಿನವರೆಗೂ ಇಳಿಯೋ ಮೇನ್ ಪೈಪು, ಇವೆಲ್ಲಾ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ್ದು ಅಂತ ಬರೆದಿರ್ತಾರೆ. ಟೆರೇಸು ಪೂರ್ತಿ ಒಬ್ಬರ ಹೆಸರಿಗೇ ಕೊಟ್ಟಿದ್ರೆ ಲೆಕ್ಕ ಬೇರೆ ಆಗ್ಬಹುದು, ಅಂಥಾ ಕಡೆ ಪತ್ರದಲ್ಲಿ ಏನಿದೆಯೋ ಅದ್ರ ಪ್ರಕಾರ ಹೋಗ್ಬೇಕು.

ಪತ್ರದ ಮಾತು ಬಿಡಿ, ನೀರು ಏನ್ ಮಾಡುತ್ತೆ ಅನ್ನೋದನ್ನ ನೋಡಿ. ಕಾಂಕ್ರೀಟ್ ಒಳಗಿರೋ ಕಬ್ಬಿಣದ ಕಂಬಿಗೆ ಸುಮ್ಸುಮ್ನೆ ತುಕ್ಕು ಹಿಡಿಯಲ್ಲ, ಯಾಕಂದ್ರೆ ಒಳ್ಳೆ ಕಾಂಕ್ರೀಟು ತುಂಬಾ ಕ್ಷಾರೀಯ, ಪಿಎಚ್ ಸುಮಾರು 12ರಿಂದ 13 ಇರುತ್ತೆ, ಅದು ಕಂಬಿಗೆ ಒಂದು ರಕ್ಷಣೆ. ವರ್ಷಗಳು ಕಳೆದಂಗೆ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡು ಒಳಗಿಳಿದು ಆ ಕ್ಷಾರ ಕಮ್ಮಿ ಆಗುತ್ತೆ, ಅದ್ರ ಜೊತೆಗೆ ಬಿರುಕಿನಿಂದ ನೀರೂ ಇಳೀತಾ ಇದ್ರೆ ಕಂಬಿ ತುಕ್ಕು ಹಿಡಿಯೋಕೆ ಶುರು. ತುಕ್ಕು ಹಿಡಿದ ಮೇಲೆ ಕಬ್ಬಿಣ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಕೇಳುತ್ತೆ, ಆ ಜಾಗ ಕಾಂಕ್ರೀಟ್ ಒಳಗೆ ಎಲ್ಲಿಂದ ಬರ್ಬೇಕು, ಒಳಗಿಂದಾನೇ ತಳ್ಳಿ ತಳ್ಳಿ ಕಾಂಕ್ರೀಟನ್ನ ಸೀಳುತ್ತೆ. ಹಳೇ ಬಿಲ್ಡಿಂಗ್‌ಗಳಲ್ಲಿ ಸೀಲಿಂಗ್ ಮೇಲೆ ಉದ್ದುದ್ದ ನೇರವಾಗಿ ಕಂದು ಗೆರೆ ಮೂಡಿರೋದು ನೋಡಿರ್ತೀರಿ, ಆಮೇಲೆ ಅಲ್ಲೇ ಪ್ಲಾಸ್ಟರ್ ಹೆಕ್ಕಳಿಕೆ ಎದ್ದು ಉದುರುತ್ತೆ. ಆ ಗೆರೆ ಬಹಳ ಸಲ ಒಳಗಿರೋ ಕಂಬಿಯ ಜಾಡೇ.

ಅಲ್ಲಿಗೂ ನಿಲ್ಲಲ್ಲ. ಬಹಳ ಕಡೆ ಲಿಫ್ಟಿನ ಮೆಷಿನ್ ರೂಮು, ನೀರಿನ ಟ್ಯಾಂಕು ಟೆರೇಸ್ ಮೇಲೇ ಇರುತ್ತೆ, ಕರೆಂಟ್ ವೈರ್ ಹೋಗೋ ಡಕ್ಟು ಕೂಡ ಮೇಲಿಂದ ಕೆಳಗಿನ ಮೀಟರ್ ಬೋರ್ಡ್ ತನಕ ಒಂದೇ. ನೀರಿಗೆ ಫ್ಲೋರ್ ನಂಬರ್ ಗೊತ್ತಿಲ್ಲ, ದಾರಿ ಸಿಕ್ಕಿದ ಕಡೆ ಇಳಿಯುತ್ತೆ. ಇವತ್ತು ಮೇಲಿನವ್ರ ಬೆಡ್‌ರೂಮಲ್ಲಿ ಕಾಣ್ತಿರೋ ಕಲೆ ನಾಳೆ ನಿಮ್ಮ ಬಾಗಿಲ ಪಕ್ಕದ ಮೀಟರ್ ಪ್ಯಾನೆಲ್ ಹತ್ರ ಬಂದ್ರೆ ಅದು ಬರೀ ಕಲೆ ಆಗಿ ಉಳಿಯಲ್ಲ, ಶಾರ್ಟ್ ಸರ್ಕ್ಯೂಟ್ ಆಗೋ ಅಪಾಯ.

ಈಗ ಇದನ್ನೇ ತಿರುಗಿಸಿ ನೋಡಿ. ಡ್ರೈನ್ ಲೈನ್ ಕಟ್ಕೊಂಡಾಗ ಯಾರ ಮನೆಗೆ ಕೊಳಕು ನೀರು ನುಗ್ಗೋದು? ಮೇಲಿನ ಎಲ್ಲಾ ಅಡುಗೆಮನೆಗಳ ಎಣ್ಣೆ ಜಿಡ್ಡು ಬಿಸಿಬಿಸಿಯಾಗಿ ಪೈಪಿಗೆ ಇಳಿದು, ಕೆಳಗೆ ಬರೋ ಹೊತ್ತಿಗೆ ತಣ್ಣಗಾಗಿ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಚೇಂಬರ್, ಅಂದ್ರೆ ಕೊಳಕು ನೀರು ಬಂದು ಸೇರೋ ನೆಲದಡಿಯ ಗುಂಡಿ, ತುಂಬಿ ವಾಪಸ್ ಉಕ್ಕೋದು ಗ್ರೌಂಡ್ ಫ್ಲೋರ್ ಬಾತ್ರೂಮಲ್ಲಿ. ಆಗ ಮೇಲಿನವ್ರು "ನಮ್ಮನೆ ನೀರು ಚೆನ್ನಾಗೇ ಹೋಗ್ತಿದೆಯಲ್ಲಾ, ನಾವ್ಯಾಕೆ ಕೊಡ್ಬೇಕು" ಅಂದ್ರೆ ನಿಮಗೆ ಹೇಗಾಗುತ್ತೆ? ಆ ಮಾತು ಎಷ್ಟು ತಪ್ಪೋ ಟೆರೇಸ್ ವಿಷಯದಲ್ಲಿ ಈ ಮಾತೂ ಅಷ್ಟೇ ತಪ್ಪು ಅಂತ ನನ್ನ ಅಭಿಪ್ರಾಯ.

ಹಂಗಂತ ಸೋರೋದೆಲ್ಲಾ ಅಸೋಸಿಯೇಷನ್ ಖರ್ಚು ಅಲ್ಲ. ಒಬ್ಬರ ಬಾತ್ರೂಮ್ ನೆಲದಿಂದ ಕೆಳಗಿನವ್ರ ಸೀಲಿಂಗಿಗೆ ಜಿನುಗ್ತಿದ್ರೆ ಸಾಮಾನ್ಯವಾಗಿ ಅದು ಆ ಎರಡು ಮನೆ ಮಧ್ಯದ ವಿಷಯ, ಅದ್ರಲ್ಲೂ ಮೇಲಿನ ಮನೆಯವ್ರ ಜವಾಬ್ದಾರಿ. ಪತ್ತೆ ಮಾಡೋದು ಕಷ್ಟ ಏನಲ್ಲ, ಮೇಲಿನ ಬಾತ್ರೂಮಿನ ಜಾಲರಿ ಮುಚ್ಚಿ ನೆಲದ ಮೇಲೆ ಬಣ್ಣ ಕಲಸಿದ ನೀರು ಒಂದು ದಿನ ನಿಲ್ಲಿಸಿ, ಕೆಳಗೆ ಅದೇ ಬಣ್ಣ ಕಂಡ್ರೆ ಮುಗೀತು, ಜಗಳ ಬೇಕಿಲ್ಲ. ಗೋಡೆ ತೇವ ಆಗಿದ್ರೆ ಒಂದು ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಕಡೆ ಟೇಪ್ ಹಾಕಿ ಒಂದೆರಡು ದಿನ ಬಿಡಿ. ಹಾಳೆಯ ಒಳಗಡೆ, ಅಂದ್ರೆ ಗೋಡೆ ಕಡೆ ನೀರು ಹನಿದಿದ್ರೆ ತೇವ ಗೋಡೆಯಿಂದ ಬರ್ತಿದೆ, ರೂಮಿನ ಕಡೆ ಹನಿದಿದ್ರೆ ಅದು ರೂಮಿನ ಗಾಳಿಯ ತೇವ, ಕಿಟಕಿ ತೆಗೆದು ಗಾಳಿ ಆಡಿಸಿದ್ರೆ ಎಷ್ಟೋ ಕಮ್ಮಿ ಆಗುತ್ತೆ, ಅದಕ್ಕೆ ವಾಟರ್‌ಪ್ರೂಫಿಂಗ್ ದಂಡ.

ಇನ್ನು ದುಡ್ಡು ಕೊಡೋಕೆ ಮುಂಚೆ ಕಮಿಟಿಯವ್ರನ್ನ ಕೇಳ್ಬೇಕಾದ್ದು. ಎಷ್ಟು ಕೊಟೇಶನ್ ತಗೊಂಡಿದಾರೆ, ಒಂದೇ ಆದ್ರೆ ಇನ್ನೆರಡು ತರಿಸಿ ಅನ್ನಿ. ಹಳೇ ಪದರದ ಮೇಲೇ ಬಳಿದು ಹೋಗ್ತಾರಾ ಅಥ್ವಾ ಬಿರುಕು ತೆಗೆದು ತುಂಬಿ ಆಮೇಲೆ ಹಾಕ್ತಾರಾ, ನೀರು ಹರಿಯೋಕೆ ಇಳಿಜಾರು ಸರಿ ಮಾಡ್ತಾರಾ, ಟೆರೇಸ್ ಅಂಚಿನ ಪ್ಯಾರಾಪೆಟ್ ಗೋಡೆಗೂ ನೆಲಕ್ಕೂ ಸೇರೋ ಮೂಲೆ ಕೆಲಸದಲ್ಲಿ ಸೇರಿದೆಯಾ ಅಂತ ಬಿಡಿಸಿ ಕೇಳಿ, ಸೋರಿಕೆ ಬಹಳ ಸಲ ಶುರುವಾಗೋದು ಆ ಮೂಲೆಯಲ್ಲೇ. ಕೆಲಸ ಮುಗಿದ ಮೇಲೆ ಔಟ್‌ಲೆಟ್ ಮುಚ್ಚಿ 24ರಿಂದ 48 ಗಂಟೆ ನೀರು ನಿಲ್ಲಿಸಿ ಟೆಸ್ಟ್ ಮಾಡ್ಬೇಕು, ಸ್ಲ್ಯಾಬ್ ಆ ಭಾರ ತಡೆಯುತ್ತಾ ಅಂತ ಇಂಜಿನಿಯರ್ ಹತ್ರ ಕೇಳ್ಕೊಂಡೇ ಮಾಡ್ಬೇಕು, ಟೆಸ್ಟ್ ಪಾಸಾಗೋವರೆಗೂ ಕಾಂಟ್ರಾಕ್ಟರ್‌ಗೆ ಕೊನೇ ಕಂತು ಕೊಡ್ಬಾರ್ದು, ಗ್ಯಾರಂಟಿ ಬಾಯಿಮಾತಲ್ಲಿ ಬೇಡ ಬರವಣಿಗೆಲೇ ಇರ್ಲಿ.

ಇಷ್ಟೆಲ್ಲಾ ಮಾಡಿಸಿ ಮಳೆನೀರು ಹೋಗೋ ಬಾಯಿ ನೋಡದೆ ಬಿಟ್ರೆ ಮತ್ತೆ ಅದೇ ಕಥೆ. ಒಣಗಿದ ಎಲೆ, ಪಾರಿವಾಳದ ಪುಕ್ಕ, ಯಾರೋ ಬಿಟ್ಟ ಪ್ಲಾಸ್ಟಿಕ್ ಕವರ್ ಒಂದು ಸೇರಿ ಜಾಲರಿ ಮುಚ್ಚಿದ್ರೆ ಟೆರೇಸ್ ಮೇಲೆ ನೀರು ನಿಲ್ಲುತ್ತೆ, ಎಂಥಾ ಪದರ ಹಾಕಿದ್ರೂ ನಿಂತ ನೀರು ಸಣ್ಣ ಸಂದಿ ಹುಡುಕದೆ ಬಿಡಲ್ಲ. ಮಳೆಗಾಲಕ್ಕೆ ಮುಂಚೆ ಒಂದ್ಸಲ, ಮಧ್ಯದಲ್ಲಿ ಆಗಾಗ, ಯಾರು ಕ್ಲೀನ್ ಮಾಡ್ತಾರೆ ಅನ್ನೋದು ಹೆಸರು ಸಮೇತ ಗೊತ್ತಿರ್ಬೇಕು.

ನಿಮಗೆ ಸಿಟ್ಟು ಬಂದಿರೋದು ಒಂದೇ ಸಲ ದೊಡ್ಡ ಮೊತ್ತ ಕೇಳಿದ್ದಕ್ಕೂ ಇರ್ಬಹುದು, ಅದು ನ್ಯಾಯವಾದ ಸಿಟ್ಟೇ. ತಿಂಗಳ ಮೇಂಟೆನೆನ್ಸ್ ದುಡ್ಡು ಸೆಕ್ಯುರಿಟಿ, ಕ್ಲೀನಿಂಗ್, ಕರೆಂಟ್ ಬಿಲ್ಲಿಗೇ ಖಾಲಿ ಆಗುತ್ತೆ, ಲಿಫ್ಟು ಟೆರೇಸು ಪೇಂಟಿಂಗ್ ಥರದ್ದಕ್ಕೆ ಬೇರೆ ಖಾತೆಯಲ್ಲಿ ಸಿಂಕಿಂಗ್ ಫಂಡ್, ಅಂದ್ರೆ ಮುಂದೆ ಬರೋ ದೊಡ್ಡ ಖರ್ಚಿಗೆ ಸ್ವಲ್ಪ ಸ್ವಲ್ಪವಾಗಿ ಕೂಡಿಡೋ ದುಡ್ಡು, ಇಡ್ಬೇಕಿತ್ತು. ನಿಮ್ಮಲ್ಲಿ ಅದಿಲ್ಲ ಅಂದ್ರೆ ಈ ಸಲದ ಮೀಟಿಂಗಲ್ಲಿ ನಿಮ್ಮ ಪಾಲು ಕಂತಲ್ಲಿ ಕೊಡ್ತೀನಿ ಅಂತ ಒಪ್ಕೊಳ್ಳಿ, ಜೊತೆಗೇ ಫಂಡ್ ಶುರು ಮಾಡೋ ನಿರ್ಣಯ, ಚೇಂಬರ್ ಕ್ಲೀನಿಂಗ್ ಖರ್ಚಲ್ಲಿ ಎಲ್ಲಾ ಫ್ಲೋರಿನವ್ರಿಗೂ ಪಾಲು ಅನ್ನೋ ನಿರ್ಣಯ, ಎರಡನ್ನೂ ಅವತ್ತೇ ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ ಸೈನ್ ಹಾಕಿಸ್ಕೊಳ್ಳಿ.