ರಿಜಿಸ್ಟರಿನ ‘ಕೂಲಿ’ ಕಾಲಂನಿಂದ ಹುಟ್ಟಿದ ಪ್ರಶ್ನೆ

ಸಮುದಾಯ ವೈದ್ಯಶಾಸ್ತ್ರ ಕಲಿಸುವ ನಾನು ಪ್ರತಿ ವರ್ಷ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳನ್ನು ಕಾಸರಗೋಡಿನ ಒಳನಾಡಿನ ಆರೋಗ್ಯ ಕೇಂದ್ರವೊಂದಕ್ಕೆ ಕರೆದೊಯ್ಯುತ್ತೇನೆ. ಕಳೆದ ಮಳೆಗಾಲದಲ್ಲಿ ಅಲ್ಲಿನ ಹೊರರೋಗಿ ರಿಜಿಸ್ಟರನ್ನು ತಿರುವಿ ಹಾಕುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಒಂದು ಕಾಲಂನ ಮೇಲೆ ಬೆರಳಿಟ್ಟಳು. “ಸರ್, ಉದ್ಯೋಗ ಎಂಬಲ್ಲಿ ಹೆಚ್ಚಿನವರದು ಕೂಲಿ ಎಂದೇ ಇದೆ.”

ಹೌದು, ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವನೂ ಕೂಲಿ, ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವವಳೂ ಕೂಲಿ, ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವವನೂ ಕೂಲಿ. ಮೂವರೂ ಕೆಮ್ಮುತ್ತಾ ಬರುತ್ತಾರೆ. ಒಬ್ಬನು ಉಸಿರಾಡುವುದು ಮೈಲುತುತ್ತು ಮತ್ತು ಸುಣ್ಣದ ತುಂತುರನ್ನು, ಇನ್ನೊಬ್ಬಳು ಹೊಗೆಸೊಪ್ಪಿನ ಧೂಳನ್ನು, ಮತ್ತೊಬ್ಬನು ಕಲ್ಲಿನ ಪುಡಿಯನ್ನು. ರಿಜಿಸ್ಟರಿಗೆ ಈ ಭೇದ ಗೊತ್ತಿಲ್ಲ. ಮೂವರಿಗೂ ಅದೇ ಔಷಧ ಕೊಟ್ಟು ಕಳುಹಿಸುತ್ತೇವೆ.

ಸಂಶೋಧನೆಯ ಪಾಠ ಆರಂಭವಾಗಬೇಕಾದದ್ದು ಆ ಬೆರಳಿಟ್ಟ ಜಾಗದಿಂದ ಎಂದು ನಾನು ದೃಢವಾಗಿ ನಂಬಿದ್ದೇನೆ. ನಾವು ಮಾಡುವುದು ಇದರ ತಿರುವುಮುರುವು. ಮೊದಲು ಸಂಖ್ಯಾಶಾಸ್ತ್ರದ ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತೇವೆ, ಆಮೇಲೆ ವಿಷಯ ಹುಡುಕಿಕೊಂಡು ಬಾ ಎನ್ನುತ್ತೇವೆ. ಸ್ವಂತ ಪ್ರಶ್ನೆಯಿಲ್ಲದ ವಿದ್ಯಾರ್ಥಿ ಹಿರಿಯರ ಪ್ರಬಂಧದಲ್ಲಿ ಊರು, ವರ್ಷ ಬದಲಿಸಿ ತಂದೊಪ್ಪಿಸುತ್ತಾನೆ. ಅಂಥದ್ದಕ್ಕೆ ಸಹಿ ಹಾಕುವ ಮಾರ್ಗದರ್ಶಕರನ್ನು ನೋಡಿ ನನಗೆ ನೋವಾಗಿದೆ. ಆ ವಿದ್ಯಾರ್ಥಿ ಕಲಿತದ್ದು ಸುಳ್ಳನ್ನು ಅಚ್ಚುಕಟ್ಟಾಗಿ ಬರೆಯುವುದನ್ನು ಮಾತ್ರ.

ಪ್ರಶ್ನೆ ಕೇಳುವುದರ ಬೆಲೆಯನ್ನು ಇದೇ ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ, ಒಂದೇ ಪ್ರದೇಶದಲ್ಲಿ ಇಷ್ಟೊಂದು ಮಕ್ಕಳಿಗೆ ಕಾಯಿಲೆ, ಅಂಗವೈಕಲ್ಯ ಏಕೆ ಬರುತ್ತಿದೆ ಎಂದು ಮೊದಲು ಕೇಳಿದವರಲ್ಲಿ ಊರಿನಲ್ಲೇ ಚಿಕಿತ್ಸೆ ಕೊಡುತ್ತಿದ್ದ ವೈದ್ಯರೊಬ್ಬರಿದ್ದರು. ಮುಂದೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಬಂದು ಅಧ್ಯಯನ ನಡೆಸಿತು. 2003ರಲ್ಲಿ ಪ್ರಕಟವಾದ ಅದರ ಒಂದು ವರದಿಯಲ್ಲಿ, ಸಿಂಪಡಣೆಗೆ ಒಳಗಾದ ಊರಿನ 117 ಗಂಡುಮಕ್ಕಳನ್ನು ಅಂಥ ಸಂಪರ್ಕವಿಲ್ಲದ 90 ಮಕ್ಕಳೊಂದಿಗೆ ಹೋಲಿಸಲಾಗಿತ್ತು. ಆ 90 ಮಕ್ಕಳ ಮಹತ್ವವನ್ನು ನಾನು ತರಗತಿಯಲ್ಲಿ ಬಿಡಿಸಿ ಹೇಳುತ್ತೇನೆ. ತೊಂದರೆಗೊಳಗಾದವರನ್ನು ಮಾತ್ರ ಎಣಿಸಿದರೆ ಸಂಕಟ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಇನ್ನು ಭಾಷೆಯ ಮಾತು. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿಗಳೆಲ್ಲ ಒಂದೇ ಬಸ್ಸಿನಲ್ಲಿ ಕೇಳುವ ಜಿಲ್ಲೆ ಇದು. ಕನ್ನಡ ಶಾಲೆಯಲ್ಲಿ ಓದಿದ ಅಜ್ಜಿಯ ಮುಂದೆ ಮಲಯಾಳದ ಸಮ್ಮತಿ ಪತ್ರ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಸಮ್ಮತಿಯಲ್ಲ. ರಿಜಿಸ್ಟರಿನ ಮೇಲೆ ಬೆರಳಿಟ್ಟ ಆ ವಿದ್ಯಾರ್ಥಿನಿ, ಕೆಲಸಕ್ಕೂ ಕೆಮ್ಮಿಗೂ ಇರುವ ನಂಟಿನ ಅಧ್ಯಯನಕ್ಕೆಂದು ಮಾಡಿದ ತನ್ನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದಾಗ ‘ಉಸಿರಾಟದ ತೊಂದರೆ ಇದೆಯೇ?’ ಎಂದು ಬರೆದಿದ್ದಳು. ಬೀಡಿ ಕಟ್ಟುವ ಅಕ್ಕನೊಬ್ಬರ ಮುಂದೆ ಓದಿಸಿ ನೋಡಿದೆವು. “ಇಲ್ಲ” ಎಂದರು. “ಗುಡ್ಡೆ ಹತ್ತುವಾಗ ದಮ್ಮು ಕಟ್ಟುತ್ತದೆಯೇ?” ಎಂದು ಕೇಳಿದೆ. “ಅದು ಯಾವಾಗಲೂ ಇದೆಯಲ್ಲ ಡಾಕ್ಟ್ರೇ” ಎಂದರು. ಇಂಥ ಒಂದು ತಪ್ಪು ಪದ ಸಾಕು, ನೂರು ಮನೆಗಳ ಉತ್ತರ ನೀರುಪಾಲಾಗಲು. ಆದ್ದರಿಂದ ಅನುವಾದವನ್ನು ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಹೋಲಿಸಬೇಕು. ಹತ್ತಾರು ಜನರ ಮುಂದೆ ಓದಿ ತಿದ್ದಬೇಕು.

ದಾರಿಗಳಿಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲೇ ಪದವಿ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ವಿದ್ಯಾರ್ಥಿವೇತನ ಆರಂಭಿಸಿತು. ಮಾರ್ಗದರ್ಶಕರ ಜೊತೆ 2 ತಿಂಗಳ ಪುಟ್ಟ ಅಧ್ಯಯನ ಮಾಡಿ ವರದಿ ಕೊಟ್ಟರಾಯಿತು. ಕೊರತೆಯಿರುವುದು ಅಧ್ಯಾಪಕರ ಸಮಯಕ್ಕೆ. ವಾರಕ್ಕೊಂದು ಮಧ್ಯಾಹ್ನವನ್ನು ವಿದ್ಯಾರ್ಥಿಗಳ ಪ್ರಶ್ನೆಗಳಿಗೇ ಮೀಸಲಿಡಿ ಎಂದು ಸಹೋದ್ಯೋಗಿಗಳನ್ನು ನಾನು ಕೈಮುಗಿದು ಕೇಳುತ್ತೇನೆ.

ಆ ವಿದ್ಯಾರ್ಥಿನಿಯ ಅಧ್ಯಯನದ ಪ್ರಸ್ತಾವ ಈಗ, ಸಂಶೋಧನೆಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಮುಂದಿದೆ. ಒಪ್ಪಿಗೆ ಸಿಗದೆ ಒಂದು ಮನೆಯ ಮೆಟ್ಟಿಲನ್ನೂ ಹತ್ತುವಂತಿಲ್ಲ. ಮುಂಗಾರಿಗೆ ಮುಂಚೆ ತೋಟಗಳಲ್ಲಿ ಮೊದಲ ಸಿಂಪಡಣೆ ಶುರುವಾಗುತ್ತದೆ. ಅಷ್ಟರೊಳಗೆ ಪತ್ರ ಬರಲೆಂದು ಇಬ್ಬರೂ ಕಾಯುತ್ತಿದ್ದೇವೆ.